ಎರಡು ವಿಶ್ವಕೋಶಗಳು ಮತ್ತು ನಮ್ಮ ಜಗಳ

ಈ ಲೇಖನಕ್ಕೆ ಕಾರಣ ಒಂದು ಜಗಳ. ಜಗಳದ ವಿಷಯ ಕೇಳಿದರೆ ಓದುಗರು ನಗಬಹುದು. ನಕ್ಕರೂ ಬೇಸರವಿಲ್ಲ, ಈಗ ನಮಗೇ ನಗು ಬರುತ್ತದೆ. ಆದರೆ ಆ ಒಂದು ವಾರ ಹತ್ತನೆಯ ತರಗತಿಯ ನಾವು ಐವರಲ್ಲಿ ಇಬ್ಬರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಉಳಿದ ಮೂವರಿಗೆ ಮಧ್ಯಾಹ್ನ ಯಾರ ಪಕ್ಕದಲ್ಲಿ ಕುಳಿತು ಬುತ್ತಿ ಬಿಚ್ಚಬೇಕೆಂದೇ ತಿಳಿಯಲಿಲ್ಲ. ಈಗ ಐವರೂ ಕೂಡಿ ಇದನ್ನು ಬರೆಯುತ್ತಿರುವುದರಿಂದ ಜಗಳವಾಡಿದವರು ಯಾರೆಂಬುದನ್ನು ಹೇಳುವುದಿಲ್ಲ.

ನಮ್ಮಲ್ಲೊಬ್ಬಳ ಸೋದರಮಾವ ಇಪ್ಪತ್ತು ವರ್ಷ ಗಲ್ಫಿನಲ್ಲಿ ದುಡಿದು ಊರಿಗೆ ಮರಳುವಾಗ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಡಿ.ವಿ.ಡಿ.ಗಳನ್ನು ತಂದಿದ್ದರು. ಅವುಗಳಲ್ಲಿ ಹೆಚ್ಚಿನವು ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ದೂರದರ್ಶನ ಸರಣಿಯವು. ಓಣಂ ರಜೆಯಲ್ಲಿ ಅವರ ಮನೆಯ ಚಾವಡಿಯಲ್ಲಿ ಕುಳಿತು, ಅವಲಕ್ಕಿ ತಿನ್ನುತ್ತಾ, ಒಂದರ ಮೇಲೊಂದು ನೋಡಿದೆವು. ಇಂಗ್ಲಿಷ್ ಮಾತು ಮೊದಲು ಅರ್ಧ ಮಾತ್ರ ತಿಳಿಯುತ್ತಿತ್ತು. ಉಳಿದರ್ಧವನ್ನು ಮಾವ ವಿವರಿಸುತ್ತಿದ್ದರು. ರಜೆ ಮುಗಿಯುವ ಹೊತ್ತಿಗೆ ‘ಎಂಟರ್‌ಪ್ರೈಸ್’ ಎಂಬ ನೌಕೆಯ ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್, ಚುಕ್ಕಾಣಿ ಹಿಡಿಯುವ ಸುಲು, ಸಂದೇಶಗಳನ್ನು ಕೇಳಿ ತಿಳಿಸುವ ಉಹುರಾ ಇವರೆಲ್ಲ ನಮ್ಮೂರಿನವರೇ ಆಗಿಬಿಟ್ಟಿದ್ದರು.

ತಿಳಿಯದವರಿಗಾಗಿ ಎರಡು ಮಾತು. ಜೀನ್ ರಾಡೆನ್‌ಬರಿ ಎಂಬವರು ಕಲ್ಪಿಸಿದ ಈ ಸರಣಿ 1966ನೇ ಸೆಪ್ಟೆಂಬರ್ 8ರಂದು ಅಮೆರಿಕದ ಎನ್.ಬಿ.ಸಿ.ಯಲ್ಲಿ ಮೊದಲ ಬಾರಿ ಪ್ರಸಾರವಾಯಿತು. ಮೂರು ಆವೃತ್ತಿಗಳಲ್ಲಿ 79 ಕಂತುಗಳಾಗಿ 1969ರಲ್ಲಿ ನಿಂತುಹೋಯಿತು. ಆದರೆ ನೋಡಿದವರು ಬಿಡಲಿಲ್ಲ. 1973–74ರಲ್ಲಿ 22 ಕಂತುಗಳ ಕಾರ್ಟೂನ್ ಸರಣಿ ಬಂತು. 1979ರಲ್ಲಿ ಚಲನಚಿತ್ರ ಬಂತು. 1987ರಲ್ಲಿ ಹೊಸ ಪಾತ್ರಗಳ ಹೊಸ ಸರಣಿ ಮೊದಲಾಯಿತು. ಇವುಗಳ ಜೊತೆಗೆ ನೂರಾರು ಕಾದಂಬರಿಗಳು, ಚಿತ್ರಕಥೆಗಳು, ಆಟಗಳು. ಹೀಗೆ ಬೆಳೆದ ಕಥೆಯಲ್ಲಿ ಯಾವುದು ಎಲ್ಲಿ ಬಂತು ಎಂದು ನೆನಪಿಡುವುದು ಒಬ್ಬರ ತಲೆಗೆ ಮೀರಿದ ಕೆಲಸ.

ಇನ್ನು ಜಗಳ. ರಜೆಯ ಕೊನೆಯ ದಿನ ನಮ್ಮೊಳಗೇ ಒಂದು ರಸಪ್ರಶ್ನೆ ನಡೆಸಿದೆವು. ಪ್ರಶ್ನೆ: ಕ್ಯಾಪ್ಟನ್ ಕರ್ಕನ ಪೂರ್ಣ ಹೆಸರೇನು? ಒಬ್ಬ ಹೇಳಿದ, “ಜೇಮ್ಸ್ ಆರ್. ಕರ್ಕ್. ಗೋರಿಕಲ್ಲಿನ ಮೇಲೆ ಬರೆದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.” ಇನ್ನೊಬ್ಬಳು ಹೇಳಿದಳು, “ಜೇಮ್ಸ್ ಟೈಬೀರಿಯಸ್ ಕರ್ಕ್. ಕಾರ್ಟೂನಿನಲ್ಲಿ ನಾನು ಕಿವಿಯಾರೆ ಕೇಳಿದ್ದೇನೆ.” ಕಾರ್ಟೂನೆಲ್ಲ ಮಕ್ಕಳಾಟ, ಅದು ಲೆಕ್ಕಕ್ಕಿಲ್ಲ ಎಂದು ಅವನೆಂದ. ಕಣ್ಣು ನೆಟ್ಟಗಿಲ್ಲದವರು ಗೋರಿ ಓದಬಾರದು ಎಂದು ಅವಳೆಂದಳು. ಅಲ್ಲಿಂದ ಮುಂದಿನ ಮಾತುಗಳು ಈ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗತಕ್ಕವಲ್ಲ.

ಶಾಲೆ ತೆರೆದ ಮೇಲೆ ವಿಷಯ ನಮ್ಮ ಕನ್ನಡ ಮಾಷ್ಟ್ರ ಕಿವಿಗೆ ಬಿತ್ತು. ಅವರು ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಸ್ಟಾರ್ ಟ್ರೆಕ್ಕಿನ ಹೆಸರನ್ನೇ ಕೇಳಿದವರಲ್ಲ. ಆದರೂ ಕೂಡಲೇ ಒಂದು ಪ್ರಶ್ನೆ ಹಾಕಿದರು: “ಅದು ಪ್ರಸಂಗದ ಪದ್ಯದಲ್ಲಿ ಇದ್ದದ್ದೋ, ಅರ್ಥದಲ್ಲಿ ಬಂದದ್ದೋ? ಅದನ್ನು ಮೊದಲು ನೋಡಿ. ಆಮೇಲೆ ಬೇಕಾದರೆ ಜಗಳ ಮಾಡಿ.” ತಾಳಮದ್ದಳೆಯನ್ನು ಕೇಳಿದವರಿಗೆ ಈ ಮಾತು ತಿಳಿಯುತ್ತದೆ. ಭಾಗವತರು ಹಾಡುವ ಪದ್ಯ ಪ್ರಸಂಗಕರ್ತನದು, ಅದು ಬದಲಾಗದು. ಪದ್ಯಕ್ಕೆ ಅರ್ಥಧಾರಿ ಹೇಳುವ ಮಾತು ಅವನವನದು. ಅದು ರಾತ್ರಿಯಿಂದ ರಾತ್ರಿಗೆ ಬೇರೆ. ಎರಡೂ ಸೇರಿದರೇ ಆಟ. ಆದರೆ ಯಾವುದು ಯಾವುದೆಂದು ತಿಳಿದಿರಬೇಕು.

ನೋಡುವುದು ಎಲ್ಲಿ? ಶಾಲೆಯ ಗಣಕಯಂತ್ರದ ಕೊಠಡಿಯಲ್ಲಿ ಹುಡುಕಿದಾಗ ನಮಗೆ ಸಿಕ್ಕಿದ್ದು ಒಂದಲ್ಲ, ಎರಡು ವಿಶ್ವಕೋಶಗಳು. ಒಂದರ ಹೆಸರು ಮೆಮರಿ ಆಲ್ಫಾ, ಇನ್ನೊಂದರದು ಮೆಮರಿ ಬೀಟಾ. ಎರಡನ್ನೂ ಕಟ್ಟಿದವರು ವಿದ್ವಾಂಸರ ಮಂಡಳಿಯಲ್ಲ, ಕಥೆಯನ್ನು ಮೆಚ್ಚಿದ ಸಾಮಾನ್ಯ ಜನ. ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಯಾರು ಯಾವಾಗ ಏನನ್ನು ತಿದ್ದಿದರೆಂಬ ಲೆಕ್ಕ ಪ್ರತಿ ಪುಟದ ಹಿಂದೆಯೂ ಉಳಿಯುತ್ತದೆ. ಭಿನ್ನಾಭಿಪ್ರಾಯ ಬಂದರೆ ವಾದಿಸಲು ಬೇರೆಯೇ ಒಂದು ಚರ್ಚಾಪುಟವಿದೆ. ಅಲ್ಲಿ ದೊಡ್ಡವರು ಒಂದೊಂದು ಸಣ್ಣ ಸಂಗತಿಗಾಗಿ ಎಷ್ಟೆಷ್ಟು ವಾದಿಸಿದ್ದಾರೆಂದು ಕಂಡಾಗ ನಮ್ಮ ಜಗಳದ ನಾಚಿಕೆ ಅರ್ಧ ಕಡಿಮೆಯಾಯಿತು.

ಇಂಥ ಕೆಲಸ ಅಂತರಜಾಲದೊಂದಿಗೆ ಹುಟ್ಟಿದ್ದೆಂದು ನಾವು ತಿಳಿದಿದ್ದೆವು. ಅದು ತಪ್ಪು. ಮೊದಲ ಸರಣಿ ಇನ್ನೂ ಬರುತ್ತಿದ್ದ ಕಾಲದಲ್ಲೇ ಡೊರೊಥಿ ಜೋನ್ಸ್ ಹೈಟ್ ಎಂಬವರು ಕಂತು ಕಂತಿನ ವಿವರಗಳನ್ನು ಬರೆದಿಡತೊಡಗಿದ್ದರು. ಬೀಜೋ ಟ್ರಿಂಬಲ್ ಅವರ ಜೊತೆಗೂಡಿ ಅದು 1969ರಲ್ಲಿ ‘ಕನ್ಕಾರ್ಡೆನ್ಸ್’ ಎಂಬ ಹೆಸರಿನಲ್ಲಿ ಅಭಿಮಾನಿಗಳ ಸ್ವಂತ ಪ್ರಕಟಣೆಯಾಗಿ ಹೊರಬಂತು. 1976ರಲ್ಲಿ ದೊಡ್ಡ ಪ್ರಕಾಶಕರೇ ಅದನ್ನು ಅಚ್ಚು ಹಾಕಿದರು. ಆಗ ಮನೆಯಲ್ಲಿ ಕಂತನ್ನು ಹಿಂದಕ್ಕೆ ಓಡಿಸಿ ನೋಡುವ ಯಂತ್ರವಿರಲಿಲ್ಲ. ಪ್ರಸಾರವಾಗುತ್ತಿದ್ದ ಹೊತ್ತಿನಲ್ಲಿ ಕಣ್ಣು ತೆರೆಯ ಮೇಲೆ, ಕೈ ಕಾಗದದ ಮೇಲೆ. ಅನಂತರ 1994ರಲ್ಲಿ, ಸರಣಿಯಲ್ಲಿ ದುಡಿಯುತ್ತಿದ್ದ ಮೈಕೆಲ್ ಒಕುಡಾ ಮತ್ತು ಅವರ ಪತ್ನಿ ಡೆನಿಸ್ ಒಕುಡಾ, ಡೆಬಿ ಮಿರೆಕ್ ಅವರೊಡನೆ ಅಧಿಕೃತ ವಿಶ್ವಕೋಶವೊಂದನ್ನು ಪ್ರಕಟಿಸಿದರು. ಅದು ಕಾರ್ಟೂನ್ ಸರಣಿಯನ್ನು ಸಾಮಾನ್ಯವಾಗಿ ಆಧಾರವೆಂದು ಸ್ವೀಕರಿಸಲಿಲ್ಲ. ಅಂದರೆ ನಮ್ಮ ಗೆಳೆಯ ಕಾರ್ಟೂನು ಲೆಕ್ಕಕ್ಕಿಲ್ಲ ಎಂದದ್ದು ತೀರ ಬಾಯಿಗೆ ಬಂದ ಮಾತಲ್ಲ. ಅವನಿಗೆ ಗೊತ್ತಿಲ್ಲದೆಯೇ ಅವನ ಹಿಂದೆ ದೊಡ್ಡವರಿದ್ದರು.

ಮೆಮರಿ ಆಲ್ಫಾ 2003ರಲ್ಲಿ ಆರಂಭವಾಯಿತು. ಹೊತ್ತಗೆಯಾಗಿ ಅಚ್ಚು ಹಾಕಿದರೆ ಕಪಾಟು ಹಿಡಿಯಲಾರದು. ಇಂಗ್ಲಿಷ್ ಆವೃತ್ತಿಯೊಂದರಲ್ಲೇ 50,000ಕ್ಕೂ ಮಿಕ್ಕಿ ಲೇಖನಗಳಿವೆ. ಇದರ ನಿಯಮ ಬಿಗಿಯಾದದ್ದು: ದೂರದರ್ಶನ ಸರಣಿಗಳಲ್ಲಿ ಮತ್ತು ಚಲನಚಿತ್ರಗಳಲ್ಲಿ ಕಂಡದ್ದು, ಕೇಳಿದ್ದು ಮಾತ್ರ ಪ್ರಮಾಣ. ಕಾದಂಬರಿ ಎಷ್ಟೇ ಚೆನ್ನಾಗಿರಲಿ, ಅಲ್ಲಿಯ ಸಂಗತಿ ಮುಖ್ಯ ಲೇಖನದೊಳಗೆ ಬರಕೂಡದು. ವಾಕ್ಯ ವಾಕ್ಯಕ್ಕೂ ಯಾವ ಕಂತಿನಿಂದ ಎಂಬ ಆಧಾರವಿರಬೇಕು. ಲೇಖನಗಳ ಭಾಷೆಯೂ ವಿಶೇಷ. ಆ ಕಾಲ್ಪನಿಕ ಲೋಕದೊಳಗೇ ಕುಳಿತ ದಫ್ತರದ ಗುಮಾಸ್ತನೊಬ್ಬ, ಎಲ್ಲವೂ ನಡೆದುಹೋದ ಎಷ್ಟೋ ಕಾಲದ ಮೇಲೆ ಬರೆದಂತೆ, ಎಲ್ಲ ಭೂತಕಾಲದಲ್ಲಿ. ನಮ್ಮ ಲೋಕದ ಸಂಗತಿಗಳಾದ ನಟ, ಲೇಖಕ, ಚಿತ್ರೀಕರಣ ಮುಂತಾದವು ‘ಹಿನ್ನೆಲೆ’ ಎಂಬ ಬೇರೆ ವಿಭಾಗದಲ್ಲಿ. ಒಳಗಿನದು ಒಳಗೆ, ಹೊರಗಿನದು ಹೊರಗೆ.

ಇನ್ನು ಮೆಮರಿ ಬೀಟಾ. ಇದರ ಬಾಗಿಲು ಅಗಲ. ಒಡೆಯರಿಂದ ಪರವಾನಗಿ ಪಡೆದು ಪ್ರಕಟವಾದ ಎಲ್ಲವೂ ಇಲ್ಲಿ ಸಲ್ಲುತ್ತವೆ: ಸರಣಿ, ಚಿತ್ರಗಳ ಜೊತೆಗೆ ಕಾದಂಬರಿ, ಚಿತ್ರಕಥೆ, ಆಟ. ಆದರೆ ಇದೂ ಬಾಗಿಲಿಲ್ಲದ ಮನೆಯಲ್ಲ. ಅಭಿಮಾನಿಗಳು ತಾವೇ ಹೊಸೆದ ಕಥೆಗಳಿಗೆ ಇಲ್ಲಿ ಜಾಗವಿಲ್ಲ. ಅವುಗಳಿಗಾಗಿ ಬೇರೆಯೇ ವಿಶ್ವಕೋಶಗಳಿವೆ. ಇಲ್ಲಿಯೂ ಆಧಾರ ಬೇಕು. ಯಾವ ಕಾದಂಬರಿ ಎಂದು ಹೆಸರಿಸಬೇಕು.

ಎರಡನ್ನೂ ತೂಗಿ ನೋಡಲು ನಾವು ಮೂರು ಹೆಸರುಗಳನ್ನು ಆರಿಸಿಕೊಂಡೆವು: ಕರ್ಕ್, ಸುಲು, ಉಹುರಾ.

ಮೊದಲು ಕರ್ಕ್. 1966ರ ಸೆಪ್ಟೆಂಬರ್ 22ರಂದು ಪ್ರಸಾರವಾದ ಕಂತಿನಲ್ಲಿ ಅವನ ಹಳೆಯ ಗೆಳೆಯ ಗ್ಯಾರಿ ಮಿಚೆಲ್ ಅವನಿಗಾಗಿ ಗೋರಿ ಸಿದ್ಧಪಡಿಸುತ್ತಾನೆ. ಕಲ್ಲಿನ ಮೇಲೆ ‘ಜೇಮ್ಸ್ ಆರ್. ಕರ್ಕ್’ ಎಂದೇ ಇದೆ. ನಮ್ಮ ಗೆಳೆಯನ ಕಣ್ಣು ನೆಟ್ಟಗಿತ್ತು. ‘ಟೈಬೀರಿಯಸ್’ ಎಂಬುದು 1974ರ ‘ಬೆಮ್’ ಎಂಬ ಕಾರ್ಟೂನ್ ಕಂತಿನಲ್ಲಿ ಬಂದದ್ದು. ನಮ್ಮ ಗೆಳತಿಯ ಕಿವಿಯೂ ನೆಟ್ಟಗಿತ್ತು. 1991ರ ಆರನೆಯ ಚಲನಚಿತ್ರದಲ್ಲಿ ಅದೇ ಹೆಸರು ಮತ್ತೆ ಬಂದು ಗಟ್ಟಿಯಾಯಿತು. ಮೆಮರಿ ಆಲ್ಫಾ ಕಾರ್ಟೂನನ್ನೂ ಪ್ರಮಾಣವೆಂದು ಒಪ್ಪುತ್ತದೆ. ಆದ್ದರಿಂದ ಪೂರ್ಣ ಹೆಸರು ಟೈಬೀರಿಯಸ್ ಎಂದೇ ಕೊಟ್ಟಿದೆ. ಆದರೆ ಗೋರಿಕಲ್ಲನ್ನು ಮುಚ್ಚಿಟ್ಟಿಲ್ಲ. ಅಲ್ಲಿ ಬೇರೆ ಅಕ್ಷರವಿತ್ತೆಂದು ಹೇಳುತ್ತದೆ. ಒಂದು ತಪ್ಪನ್ನು ಸರಿಪಡಿಸಿದ ಮೇಲೆ ತಪ್ಪಿನ ಗುರುತನ್ನು ಅಳಿಸಬೇಕಾಗಿಲ್ಲ ಎಂಬುದನ್ನು ನಾವು ಇಲ್ಲಿ ಕಲಿತೆವು. ಕಾದಂಬರಿಕಾರರು ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ಆ ‘ಆರ್’ ಗೆಳೆಯರಿಬ್ಬರ ನಡುವಿನ ಹಳೆಯ ತಮಾಷೆ ಎಂದು ಒಬ್ಬರು ಕಥೆ ಕಟ್ಟಿದರು. ಇಂಥ ಸಂಗತಿ ಮುಖ್ಯ ಮಾತಾಗಿ ಸಲ್ಲುವುದು ಬೀಟಾದಲ್ಲಿ. ಅರ್ಥಧಾರಿಯ ಮಾತು ಎಂದರೆ ಇದೇ ಅಲ್ಲವೇ?

ಆಮೇಲೆ ಸುಲು. ಮೊದಲ ಸರಣಿಯ 79 ಕಂತುಗಳಲ್ಲಿ ಎಲ್ಲಿಯೂ ಅವನಿಗೆ ಬೇರೊಂದು ಹೆಸರಿಲ್ಲ. 1981ರಲ್ಲಿ ವೋಂಡಾ ಮೆಕಿಂಟೈರ್ ಎಂಬ ಲೇಖಕಿ ‘ದಿ ಎಂಟ್ರೊಪಿ ಎಫೆಕ್ಟ್’ ಎಂಬ ಕಾದಂಬರಿಯಲ್ಲಿ ಅವನನ್ನು ‘ಹಿಕಾರು’ ಎಂದು ಕರೆದರು. ಓದುಗರಿಗೆ ಹಿಡಿಸಿತು. ಹತ್ತು ವರ್ಷ ಅದು ಕಾದಂಬರಿಯ ಹೆಸರಾಗಿಯೇ ಉಳಿಯಿತು. 1991ರ ಅದೇ ಆರನೆಯ ಚಿತ್ರದಲ್ಲಿ, ಈಗ ಸ್ವಂತ ನೌಕೆಯ ಕ್ಯಾಪ್ಟನ್ ಆಗಿದ್ದ ಸುಲು, ದಿನಚರಿ ಒಪ್ಪಿಸುತ್ತಾ ತನ್ನ ಹೆಸರನ್ನು ತಾನೇ ಹಿಕಾರು ಸುಲು ಎಂದು ಹೇಳಿದ. ಅಂದಿನಿಂದ ಅದು ಪ್ರಮಾಣ.

ಉಹುರಾಳ ಕಥೆ ಇನ್ನೂ ದೀರ್ಘ. 1982ರಲ್ಲಿ ವಿಲಿಯಂ ರಾಟ್ಸ್ಲರ್ ಎಂಬವರು ಬರೆದ ಪಾತ್ರಪರಿಚಯದ ಪುಸ್ತಕದಲ್ಲಿ ಅವಳ ಮೊದಲ ಹೆಸರು ‘ನ್ಯೋಟಾ’ ಎಂದಾಯಿತು. ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಅದಕ್ಕೆ ನಕ್ಷತ್ರವೆಂದು ಅರ್ಥ. ತೆರೆಯ ಮೇಲೆ ಆ ಹೆಸರು ಕೇಳಿಬಂದದ್ದು 2009ರ ಚಿತ್ರದಲ್ಲಿ. ಅಂದರೆ ಇಪ್ಪತ್ತೇಳು ವರ್ಷ ಅದು ಪುಸ್ತಕದ ಪುಟದೊಳಗೆ ಕಾದು ಕುಳಿತಿತ್ತು.

ನಾವು ಯೋಚಿಸಿದೆವು. 1985ರಲ್ಲಿ ಮೆಮರಿ ಆಲ್ಫಾ ಇದ್ದಿದ್ದರೆ ಹಿಕಾರು ಎಂಬ ಹೆಸರನ್ನು ಮುಖ್ಯ ಲೇಖನದಿಂದ ಹೊರಗಿಡುತ್ತಿತ್ತು. ಅದು ತಪ್ಪೇ? ತಪ್ಪಲ್ಲ, ಅದರ ನಿಯಮದಂತೆ ಸರಿ. ಆದರೆ ಎಲ್ಲರೂ ಅದೊಂದೇ ನಿಯಮವನ್ನು ಹಿಡಿದು, ಕಾದಂಬರಿಯ ಮಾತನ್ನು ಯಾರೂ ಎಲ್ಲಿಯೂ ಬರೆದಿಡದೆ ಇದ್ದಿದ್ದರೆ, ಆ ಹೆಸರು ಎಲ್ಲಿಂದ ಬಂತೆಂದು ಇಂದು ಯಾರು ಹೇಳುತ್ತಿದ್ದರು? ಪ್ರಮಾಣವಲ್ಲ ಎಂದರೆ ಸುಳ್ಳು ಎಂದರ್ಥವಲ್ಲ. ಇನ್ನೂ ಪ್ರಮಾಣ ಸಿಕ್ಕಿಲ್ಲ ಎಂದಷ್ಟೇ ಅರ್ಥ. ಎರಡನೆಯ ಕಪಾಟು ಬೇಕಾಗುವುದು ಇದಕ್ಕೇ.

ಇದನ್ನು ಆ ಎರಡು ವಿಶ್ವಕೋಶಗಳ ಬಳಗವೂ ಬಲ್ಲದು. ಆಲ್ಫಾದ ಎಷ್ಟೋ ಲೇಖನಗಳ ಕೊನೆಯಲ್ಲಿ, ಪ್ರಮಾಣದ ಹೊರಗಿನ ಸಂಗತಿಗಳೆಂದು ಸ್ಪಷ್ಟವಾಗಿ ಹೆಸರಿಸಿ, ಕಾದಂಬರಿಗಳು ಹೀಗೆನ್ನುತ್ತವೆ ಎಂದು ನಾಲ್ಕು ಸಾಲು ಕೊಟ್ಟಿರುತ್ತಾರೆ. ಅದರ ಕೆಳಗೆ ಬೀಟಾದ ಅದೇ ಲೇಖನಕ್ಕೆ ದಾರಿ ತೋರಿಸಿರುತ್ತಾರೆ. ಎದುರಾಳಿಯ ಮನೆಗೆ ಬಂದವರನ್ನು ತಾನೇ ಕೈಹಿಡಿದು ಬಿಟ್ಟುಬರುವ ಪೈಪೋಟಿಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಹಾಗೆಂದು ಎರಡೂ ಸಮವೆಂದು ನಾವು ಹೇಳುವುದಿಲ್ಲ. ಒಂದು ಸಂಗತಿ ನಿಜವಾಗಿ ತೆರೆಯ ಮೇಲೆ ಬಂದಿತ್ತೇ ಎಂದು ತಿಳಿಯಬೇಕಾದರೆ ಆಲ್ಫಾಕ್ಕೇ ಹೋಗಬೇಕು. ಅದರ ಹಿನ್ನೆಲೆ ವಿಭಾಗಗಳಲ್ಲಿ ಕಂತು ತಯಾರಾದ ಬಗೆಯೂ ವಿವರವಾಗಿ ಸಿಗುತ್ತದೆ. ಬೀಟಾದಲ್ಲಿ ಕೆಲವು ಪುಟಗಳು ಎರಡೇ ಸಾಲಿನವು; ಹತ್ತು ಕಾದಂಬರಿಕಾರರು ಹತ್ತು ರೀತಿ ಬರೆದಿದ್ದರೆ ಹತ್ತನ್ನೂ ಹೊರಬೇಕಾದ ಭಾರವೂ ಅದರ ಮೇಲಿದೆ. ಆದರೆ ಬೀಟಾಕ್ಕೆ ಇನ್ನೊಂದು ಗುಣವಿದೆ. ಅದು ಯಾರನ್ನೂ ಮನೆಯಿಂದ ಹೊರಹಾಕುವುದಿಲ್ಲ. 2001ರಿಂದ ಇಪ್ಪತ್ತು ವರ್ಷ ಲೇಖಕರು ಒಂದಕ್ಕೊಂದು ಹೊಂದುವಂತೆ ಕಾದಂಬರಿಗಳ ಸಾಲನ್ನೇ ಬರೆದು, ಸರಣಿ ನಿಂತ ಮೇಲಿನ ಕಥೆಯನ್ನು ಮುಂದುವರಿಸಿದ್ದರು. 2020ರ ಜನವರಿಯಲ್ಲಿ ‘ಪಿಕಾರ್ಡ್’ ಎಂಬ ಹೊಸ ಸರಣಿ ಬಂದು ಬೇರೆಯೇ ಕಥೆ ಹೇಳಿತು. ಕಾದಂಬರಿಗಳ ಆ ಲೋಕಕ್ಕೆ 2021ರಲ್ಲಿ ‘ಕೋಡಾ’ ಎಂಬ ಮೂರು ಪುಸ್ತಕಗಳಿಂದ ಮುಕ್ತಾಯ ಹಾಡಿದರು. ಇಪ್ಪತ್ತು ವರ್ಷ ಅದನ್ನು ಪ್ರೀತಿಯಿಂದ ಓದಿದವರು ಎಲ್ಲಿಗೆ ಹೋಗಬೇಕು? ಬೀಟಾದಲ್ಲಿ ಅವೆಲ್ಲ ಹಾಗೆಯೇ ಇವೆ.

‘ಸ್ಟಾರ್ ವಾರ್ಸ್’ ಎಂಬ ಇನ್ನೊಂದು ಕಥಾಲೋಕದವರು ಇದೇ ತೊಡಕನ್ನು ಬೇರೆ ರೀತಿ ಬಿಡಿಸಿದ್ದಾರೆ. ಅಲ್ಲಿಯ ಅಭಿಮಾನಿಗಳ ವಿಶ್ವಕೋಶ 2005ರಲ್ಲಿ ಹುಟ್ಟಿದ ‘ವೂಕಿಪೀಡಿಯಾ’. 2014ರ ಏಪ್ರಿಲ್‌ನಲ್ಲಿ ಲೂಕಸ್‌ಫಿಲ್ಮ್ ಸಂಸ್ಥೆ ಹಳೆಯ ಕಾದಂಬರಿಗಳನ್ನೆಲ್ಲ ಒಂದೇ ಪ್ರಕಟಣೆಯಿಂದ ‘ದಂತಕಥೆ’ಗಳ ಸಾಲಿಗೆ ಸರಿಸಿತು. ವೂಕಿಪೀಡಿಯಾದವರು ಬರೆದದ್ದನ್ನು ಅಳಿಸಲಿಲ್ಲ, ಮನೆ ಒಡೆದು ಎರಡು ಮಾಡಲೂ ಇಲ್ಲ. ಒಂದೇ ಪಾತ್ರಕ್ಕೆ ಎರಡು ಪುಟ ಮಾಡಿ, ಮೇಲ್ಗಡೆ ಎರಡು ಚೀಟಿ ಅಂಟಿಸಿದರು: ಇದು ಪ್ರಮಾಣ, ಇದು ದಂತಕಥೆ. ಒಂದೇ ಚಾವಡಿಗೆ ಎರಡು ಬಾಗಿಲು. ಎರಡು ಮನೆ ಒಳ್ಳೆಯದೋ, ಎರಡು ಬಾಗಿಲು ಒಳ್ಳೆಯದೋ ಎಂಬುದರಲ್ಲಿ ನಮ್ಮೊಳಗೆ ಇಂದಿಗೂ ಒಮ್ಮತವಿಲ್ಲ. ಚೀಟಿ ಅಂಟಿಸಲೇಬೇಕೆಂಬುದರಲ್ಲಿ ಮಾತ್ರ ಒಮ್ಮತವಿದೆ.

ಇನ್ನೊಂದು ಬಗೆಯ ಪೈಪೋಟಿಯೂ ಉಂಟು. ಅದು ನಿಯಮದ ಕುರಿತಲ್ಲ, ಮನೆಯ ಕುರಿತು. ಆಲ್ಫಾ, ಬೀಟಾ, ವೂಕಿಪೀಡಿಯಾ ಮೂರೂ ‘ಫ್ಯಾಂಡಮ್’ ಎಂಬ ಒಂದೇ ಸಂಸ್ಥೆಯ ತಾಣದಲ್ಲಿ ನೆಲೆಸಿವೆ. ವಿಕಿಪೀಡಿಯಾ ಖ್ಯಾತಿಯ ಜಿಮ್ಮಿ ವೇಲ್ಸ್ ಮತ್ತು ಏಂಜೆಲಾ ಬೀಸ್ಲಿ 2004ರಲ್ಲಿ ಆರಂಭಿಸಿದ ಈ ಸಂಸ್ಥೆ ಜಾಹೀರಾತಿನಿಂದ ಹಣ ಗಳಿಸುತ್ತದೆ; ಬರೆಯುವವರಿಗೆ ಸಂಬಳವಿಲ್ಲ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಎಂಬ ಆಟದ ವಿಶ್ವಕೋಶದವರು 2010ರಲ್ಲಿ ಅಲ್ಲಿಂದ ಹೊರಟು ಬೇರೆ ಮನೆ ಮಾಡಿದರು. ಕೆಲವು ವರ್ಷಗಳಲ್ಲಿ ಆ ಮನೆಯೂ ಅದೇ ಸಂಸ್ಥೆಯ ಕೈಸೇರಿತು. 2023ರಲ್ಲಿ ಅವರು ಮತ್ತೆ ಗಂಟುಮೂಟೆ ಕಟ್ಟಿದರು. ಬರೆದದ್ದನ್ನು ಯಾರೂ ಹೆಸರು ಹೇಳಿ ಮರುಬಳಸಬಹುದೆಂಬ ಮುಕ್ತ ಪರವಾನಗಿ ಇದ್ದುದರಿಂದ ಎರಡು ಸಲವೂ ಬರಹವನ್ನು ಜೊತೆಗೆ ಒಯ್ಯಲು ಸಾಧ್ಯವಾಯಿತು. ಆದರೆ ಖಾಲಿ ಮಾಡಿದ ಮನೆಯಲ್ಲಿ ಹಳೆಯ ಪ್ರತಿ ಉಳಿದೇ ಇರುತ್ತದೆ. ಹುಡುಕಿ ಬಂದವನಿಗೆ ಯಾವ ಮನೆಯಲ್ಲಿ ಈಗ ದೀಪ ಉರಿಯುತ್ತಿದೆಯೆಂದು ಕೂಡಲೇ ತಿಳಿಯುವುದಿಲ್ಲ.

ಮೆಮರಿ ಆಲ್ಫಾ ಎಂಬ ಹೆಸರಿನ ಮೂಲವನ್ನು ಹೇಳದಿದ್ದರೆ ಲೇಖನ ಪೂರ್ಣವಾಗದು. ಅದು 1969ರ ಜನವರಿ 31ರಂದು ಪ್ರಸಾರವಾದ ‘ದಿ ಲೈಟ್ಸ್ ಆಫ್ ಜೆಟಾರ್’ ಎಂಬ ಕಂತಿನಲ್ಲಿ ಬರುವ ಒಂದು ಸಣ್ಣ ಗ್ರಹದ ಹೆಸರು. ಹಲವು ಲೋಕಗಳ ಇತಿಹಾಸ, ವಿಜ್ಞಾನವೆಲ್ಲ ಕೂಡಿಟ್ಟ ಗ್ರಂಥಾಲಯ ಅಲ್ಲಿತ್ತು. ಜ್ಞಾನ ಎಲ್ಲರಿಗೂ ಸೇರಿದ್ದಾದ್ದರಿಂದ ಅದಕ್ಕೆ ಕಾವಲು ಬೇಡವೆಂದು ರಕ್ಷಣೆಯ ಏರ್ಪಾಡು ಮಾಡಿರಲಿಲ್ಲ. ಒಂದು ದಿನ ವಿಚಿತ್ರ ಬೆಳಕಿನ ಬಿರುಗಾಳಿ ಬೀಸಿ, ಅಲ್ಲಿದ್ದವರು ಸತ್ತರು, ಕೂಡಿಟ್ಟ ನೆನಪು ಸುಟ್ಟುಹೋಯಿತು. ಅಭಿಮಾನಿಗಳು ತಮ್ಮ ವಿಶ್ವಕೋಶಕ್ಕೆ ಸುಟ್ಟುಹೋದ ಆ ಗ್ರಂಥಾಲಯದ ಹೆಸರನ್ನೇ ಇಟ್ಟರು. ಮೊದಲ ಸಲ ನೋಡಿದಾಗ ಆ ಕಂತು ನಮಗೆ ಸಪ್ಪೆಯೆನಿಸಿತ್ತು. ಮುಂದೆ ನಮ್ಮದೇ ಶಾಲೆಯ ಒಂದು ಕೆಲಸದಲ್ಲಿ ಅದು ನೆನಪಾಯಿತು.

ಕೇರಳದ ಶಾಲೆಗಳಿಗಾಗಿಯೇ ‘ಸ್ಕೂಲ್‌ವಿಕಿ’ ಎಂಬ ಅಂತರಜಾಲದ ವಿಶ್ವಕೋಶವಿದೆ. ಅದರಲ್ಲಿ ನಮ್ಮ ಶಾಲೆಯ ಪುಟದ ‘ಇತಿಹಾಸ’ ಭಾಗ ಎರಡೇ ಸಾಲಿನದು. ಅದನ್ನು ಬೆಳೆಸುವ ಕೆಲಸ ಈ ವರ್ಷ ‘ಲಿಟಲ್ ಕೈಟ್ಸ್’ ಕೂಟದ ಮೂಲಕ ನಮ್ಮ ಪಾಲಿಗೆ ಬಂತು. ಕಚೇರಿಯ ಹಳೆಯ ದಾಖಲೆಗಳನ್ನು ನೋಡಿದೆವು. ಗೋಡೆಯ ಕಲ್ಲಿನಲ್ಲಿ ಶಾಲೆ ಆರಂಭವಾದ ಇಸವಿ, ಮೊದಲ ವ್ಯವಸ್ಥಾಪಕರ ಹೆಸರು ಸ್ಪಷ್ಟವಾಗಿದ್ದವು. ಬರೆದು ಮುಗಿಸಿದೆವು.

ಆಗ ನಮ್ಮಲ್ಲೊಬ್ಬಳು ಹೇಳಿದಳು, “ಅದಕ್ಕಿಂತ ಆರು ವರ್ಷ ಮೊದಲೇ ನಮ್ಮ ಮನೆಯ ಜಗಲಿಯಲ್ಲಿ ಶಾಲೆ ಇತ್ತಂತೆ. ಒಬ್ಬರು ಐಗಳು ನಮ್ಮಲ್ಲೇ ಉಂಡುಕೊಂಡು, ಸಂಬಳವಿಲ್ಲದೆ, ಹೊಯಿಗೆಯ ಮೇಲೆ ಅಕ್ಷರ ಬರೆಸುತ್ತಿದ್ದರಂತೆ. ಆ ಮಕ್ಕಳೇ ಆಮೇಲೆ ಇಲ್ಲಿಗೆ ಬಂದದ್ದು. ಅಜ್ಜಿ ಹೇಳುತ್ತಾರೆ.” ಇನ್ನೊಬ್ಬ ಕೇಳಿದ, “ಕಾಗದ ಉಂಟಾ?” ಇರಲಿಲ್ಲ. “ಕಾಗದ ಇಲ್ಲದ್ದನ್ನು ಬರೆದರೆ ನಾಳೆ ಎಲ್ಲರೂ ತಮ್ಮ ತಮ್ಮ ಮನೆಯ ಜಗಲಿಯನ್ನು ತರುತ್ತಾರೆ” ಎಂದು ಅವನೆಂದ. ಅವಳು ಮಾತಾಡಲಿಲ್ಲ. ಕರ್ಕನ ಹೆಸರಿಗಾಗಿ ಜಗಳವಾದಾಗ ಬೊಬ್ಬೆ ಕೇಳಿತ್ತು; ಈ ಸಲ ಬೊಬ್ಬೆಯೂ ಇರಲಿಲ್ಲ. ಅವಳು ಚೀಲ ಎತ್ತಿಕೊಂಡು ಹೊರಟಳು. ಗೇಟಿನ ಹತ್ತಿರ ಅವಳು ಕಣ್ಣೊರೆಸಿಕೊಂಡದ್ದನ್ನು ನಾವು ಕಂಡೆವು.

ಅಂದು ಸಂಜೆ ಉಳಿದವರು ಕುಳಿತು ಯೋಚಿಸಿದೆವು. ಇಬ್ಬರೂ ಸರಿಯೇ. ಕಲ್ಲಿನ ಇಸವಿಯ ಪಕ್ಕದಲ್ಲಿ ಅಜ್ಜಿಯ ಮಾತನ್ನು ಸೇರಿಸಿ ಒಂದೇ ವಾಕ್ಯ ಮಾಡಿದರೆ ಕಲ್ಲಿಗೂ ಅಜ್ಜಿಗೂ ಅನ್ಯಾಯ. ಅಜ್ಜಿಯ ಮಾತನ್ನು ಬಿಟ್ಟೇಬಿಟ್ಟರೆ ಇನ್ನೂ ದೊಡ್ಡ ಅನ್ಯಾಯ. ಆ ಜಗಲಿಯಲ್ಲಿ ಕಲಿತವರಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಆ ನೆನಪಿಗೂ ಕಾವಲಿಲ್ಲ. ಹಿಕಾರುವಿನ ಹೆಸರು ಹತ್ತು ವರ್ಷ, ನ್ಯೋಟಾಳದು ಇಪ್ಪತ್ತೇಳು ವರ್ಷ ಕಾಯಬಲ್ಲವಾದದ್ದು ಯಾರೋ ಎಲ್ಲಿಯೋ ಅವನ್ನು ಬರೆದಿಟ್ಟಿದ್ದರಿಂದ. ಮರುದಿನ ಅವಳ ಮನೆಗೆ ಹೋಗಿ ಹೇಳಿದೆವು: ಎರಡು ವಿಭಾಗ ಮಾಡೋಣ. ಒಂದು ‘ದಾಖಲೆಗಳಲ್ಲಿ ಇರುವಂತೆ’. ಇನ್ನೊಂದು ‘ಹಿರಿಯರು ಹೇಳುವಂತೆ’. ಅಲ್ಲಿ ಯಾರು ಹೇಳಿದರು, ಯಾವ ದಿನ ಹೇಳಿದರು, ಯಾರು ಬರೆದುಕೊಂಡರು ಎಂಬ ಆಧಾರ. ಮುಖ್ಯೋಪಾಧ್ಯಾಯಿನಿಯವರೂ ಒಪ್ಪಿದರು. ಕನ್ನಡ ಮಾಷ್ಟ್ರು ಓದಿ, “ಪದ್ಯ ಪದ್ಯದ ಜಾಗದಲ್ಲಿ ಉಂಟು, ಅರ್ಥ ಅರ್ಥದ ಜಾಗದಲ್ಲಿ ಉಂಟು. ಸಾಕು” ಎಂದರು.

ಅಜ್ಜಿಗೆ ಎಂಬತ್ತಾರು ವರ್ಷ. ಅವರೆದುರು ಕುಳಿತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು, ಕೊನೆಗೆ ಗಟ್ಟಿಯಾಗಿ ಓದಿ ಹೇಳಿದೆವು: “ಜಗಲಿಯಲ್ಲಿ ಹನ್ನೆರಡು ಮಕ್ಕಳು ಕಲಿಯುತ್ತಿದ್ದರು.” ಅಜ್ಜಿ ಕೈ ಅಡ್ಡ ಹಿಡಿದರು. “ಹನ್ನೆರಡಲ್ಲ ಮಕ್ಕಳೇ, ಹನ್ನೊಂದು. ಒಬ್ಬ ಬರುತ್ತಿದ್ದದ್ದು ಗಂಜಿಗೆ ಮಾತ್ರ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು, “ಅವನನ್ನೂ ಬರೆಯಿರಿ. ಪಾಪ, ಅವನೂ ದಿನಾ ಬರುತ್ತಿದ್ದ.”

ಹನ್ನೆರಡನ್ನು ಹೊಡೆದು ಹನ್ನೊಂದು ಎಂದು ತಿದ್ದಿದೆವು. ಗಂಜಿಗೆ ಬರುತ್ತಿದ್ದವನಿಗೆ ಬೇರೆ ಒಂದು ವಾಕ್ಯ ಬರೆದೆವು. ಅವನ ಹೆಸರು ಅಜ್ಜಿಗೆ ನೆನಪಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ.

ಈ ಸಂಚಿಕೆ ಊರಿನ ಎಷ್ಟೋ ಮನೆಗಳಿಗೆ ಹೋಗುತ್ತದೆ. ಆ ಐಗಳ ಕುರಿತು ಒಂದು ಹಳೆಯ ಕಾಗದ, ಪಟ, ಪತ್ರ ಯಾರ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಶಾಲೆಗೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇವೆ. ಕಾಗದವಿಲ್ಲದೆ ಬರೇ ಕೇಳಿದ ಮಾತಾದರೂ ಅಡ್ಡಿಯಿಲ್ಲ. ಅದಕ್ಕೂ ನಮ್ಮಲ್ಲಿ ಈಗ ಜಾಗವಿದೆ.